ಸಿಂಧು ಅತ್ತಿಗೆಯ ಬಿಸಿನೀರು

ಕಾರ್ಬನ್ ಮೊನಾಕ್ಸೈಡ್ ಅಲ್ಲ ಕಣೋ ಶ್ರೀನಿಧಿ. ನೀನು ಬಾಯಿ ಬಿಟ್ಟು ಕೇಳಿಲ್ಲ, ಗೊತ್ತು. ಆದ್ರೆ ಆ ಎಂಜಿನಿಯರ್ ಮುಖ ಇಟ್ಕೊಂಡು ಕೂತಿದೀಯಲ್ಲ, ಅದು ಕೇಳ್ತಾ ಇದೆ. ಗ್ಯಾಸ್ ಲೀಕಾಗಿ, ತಲೆ ಮಂಕಾಗಿ, ಏನೇನೋ ಕೇಳ್ಸಿರತ್ತೆ ಅಂತ. ಅಲಾರಂ ಇತ್ತಪ್ಪ. ಬ್ಯಾಟರಿ ಹೊಸದು. ಟೆಸ್ಟ್ ಬಟನ್ ಒತ್ತಿದ್ರೆ ಪಕ್ಕದ್ಮನೆ ನಾಯಿ ಕೂಡ ಅಳ್ತಿತ್ತು. ಕುಡಿದಿದ್ದೆ ಅಂತನೂ ಅಂದ್ಕೋಬೇಡ. ಬ್ರೆಡ್ ಫ್ಯಾಕ್ಟರೀಲಿ ರಾತ್ರಿಯೆಲ್ಲಾ ಟ್ರೇ ಹೊತ್ತವನು ಕುಡಿಯೋದು ಟೀ ಮಾತ್ರ.

ಆ ದೊಡ್ಡ ಲೈಟ್ ಆರಿಸು. ಹೇಳ್ತೀನಿ.

ಆಗ ನಾನು ಐರ್ಲೆಂಡಿನ ಅತ್ಲೋನ್‌ನಲ್ಲಿ ಅಭಿಯಣ್ಣನ ಮನೇಲಿದ್ದೆ. ಅಭಿನಂದನ್, ನಮ್ಮ ದೊಡ್ಡಪ್ಪನ ಮಗ. ನಾನು ಕಾಲೇಜು ಬಿಟ್ಟಿದ್ದೆ. ಅಥವಾ ಕಾಲೇಜೇ ನನ್ನ ಬಿಡ್ತು, ಇಬ್ಬರಿಗೂ ಬೇಜಾರೇನೂ ಆಗ್ಲಿಲ್ಲ. ಊರಲ್ಲಿ ಎಲ್ರೂ ಥೂ ಅಂದಾಗ ಸಿಂಧು ಅತ್ತಿಗೆ ಒಬ್ರೇ ಫೋನ್ ಮಾಡಿ, "ಬಾರೋ, ಮೇಲಿನ ಸಣ್ಣ ರೂಮ್ ಖಾಲಿ ಇದೆ. ನೀನೂ ಖಾಲಿ ಇದೀಯಲ್ಲ" ಅಂದಿದ್ರು.

ಅತ್ತಿಗೆ ಡಾಕ್ಟರ್. ಸರ್ಕಾರಿ ಆಸ್ಪತ್ರೆ, ವಾರಗಟ್ಟಲೆ ನೈಟ್ ಡ್ಯೂಟಿ. ಆಸ್ಪತ್ರೆಯಿಂದ ಬಂದವರು ಸ್ನಾನ ಮಾಡ್ದೆ ಮನೆಯೊಳಗೆ ಕಾಲಿಡಬಾರದು ಅನ್ನೋದು ಅವರಮ್ಮ ಕಲಿಸಿದ ನೇಮ. ರಾತ್ರಿ ಯಾರದೋ ಕಣ್ಣು ಮುಚ್ಚಿ ಬಂದಿರ್ತಾರೆ, ಅದೇ ಕೈಲಿ ಮಗು ಮುಟ್ಟೋದು ಹೇಗೆ? ಅದಕ್ಕೇ ಹಿಂದಿನ ಬಾಗಿಲಿಂದ ಬರೋರು. ವಾಷಿಂಗ್ ಮಷಿನ್ ಇರೋ ಸಣ್ಣ ಜಾಗ, ಅದರ ಪಕ್ಕ ಒಂದು ಶವರ್. ಸ್ನಾನ ಆದ್ಮೇಲೇ ಅಡುಗೆಮನೆ. ಆಮೇಲೇ ಮಗಳು ತೇಜು.

ಆದ್ರೆ ಆ ಹಳೇ ತಾಮ್ರದ ಟ್ಯಾಂಕಲ್ಲಿ ಒಬ್ಬರಿಗಾಗೋಷ್ಟೇ ಬಿಸಿನೀರು. ಅಣ್ಣ ಬೆಳಿಗ್ಗೆ ಡಬ್ಲಿನ್ ಟ್ರೇನ್ ಹಿಡೀಬೇಕು. ಮೈಸೂರು ಸ್ನಾನ ಗೊತ್ತಲ್ಲ... ಶವರ್ ಕೆಳಗೆ ಬಕೆಟ್ಟಿಟ್ಟು, ಚೊಂಬಲ್ಲಿ ಮೊಗೆದು ಮೊಗೆದು, ಅರ್ಧಂಬರ್ಧ ಶ್ಲೋಕ ಹೇಳ್ಕೊಂಡು, ಟ್ಯಾಂಕ್ ಬರಿದು ಮಾಡಿ ಹೊರಡೋನು. ಅವನು ಮುಂದಿನ ಬಾಗಿಲಲ್ಲಿ ಹೋದ್ರೆ ಅತ್ತಿಗೆ ಹಿಂದಿನ ಬಾಗಿಲಲ್ಲಿ ಬರೋರು. ಶವರ್ ಸುರ್ ಅನ್ನೋದು... ತಕ್ಷಣ ಒಂದು "ಹ್ಹಾ!" ಬೆನ್ನಿಗೆ ತಣ್ಣೀರು ಬಿದ್ದಾಗ ಉಸಿರು ಒಳಕ್ಕೆ ಎಳ್ಕೋತೀವಲ್ಲ, ಅದು. ಹೊರಗೆ ಬಂದಾಗ ಹಲ್ಲು ಕಟಕಟ. ಏನ್ ಅತ್ತಿಗೆ ಅಂದ್ರೆ, "ಗ್ರ್ಯಾಂಡ್ ಕಣೋ." ಇಲ್ಲಿಯವರ ಬಾಯಲ್ಲಿ ಹಾಗಂದ್ರೆ ಎಲ್ಲಾ ಸರಿಯಾಗಿದೆ ಅಂತ.

"ರೀ, ಗ್ಯಾಸ್ ಬಾಯ್ಲರ್ ಹಾಕಿಸೋಣ್ರೀ" ಅಂತ ಕೇಳೋರು. "ಈ ಚಳಿಗಾಲ ಒಂದು ಕಳೀಲಿ, ನೋಡೋಣ" ಅನ್ನೋನು ಅಣ್ಣ. ಕೆಟ್ಟವನಲ್ಲ ಅವನು. ಆ "ಹ್ಹಾ!" ಅವನು ಒಂದು ದಿನವೂ ಕೇಳಿರ್ಲಿಲ್ಲ, ಅಷ್ಟೇ. ಆ ಹೊತ್ತಿಗೆ ಅವನು ಟ್ರೇನಲ್ಲಿ.

ಆ ಚಳಿಗಾಲ ಕಳೀಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಡ್ಯೂಟಿ ಮುಗಿಸಿ ಬರ್ತಿದ್ರು. ರಸ್ತೆ ಮೇಲೆ ಕಣ್ಣಿಗೆ ಕಾಣದ ಹಿಮ. ಕಾರು ಜಾರ್ತು...

ಹದಿಮೂರನೇ ದಿನ ಶ್ಯಾನನ್ ನದಿ ದಡದಲ್ಲಿ ಎಳ್ಳುನೀರು ಬಿಟ್ವಿ. ಅಣ್ಣನ ಬೆರಳೆಲ್ಲ ಮರಗಟ್ಟಿ ಹೋಗಿತ್ತು. ದಾರೀಲಿ ಒಂದೇ ಮಾತಾಡಿದ. "ಇದನ್ನೂ ತಣ್ಣೀರಲ್ಲೇ ಕೊಟ್ಟೆ ಕಣೋ ಅವಳಿಗೆ."

ಆಮೇಲೊಂದು ದಿನ ಬಾಗಿಲು ತಟ್ಟಿದ ಶಬ್ದ. ಡೆಕ್ಲನ್ ಅಂತ, ಬಾಯ್ಲರ್ ಕೂರಿಸೋನು. ವ್ಯಾನಲ್ಲಿ ದೊಡ್ಡ ರಟ್ಟಿನ ಡಬ್ಬ. "ಡಾಕ್ಟರ್ ಇದಾರಾ? ಇವತ್ತು ಬಾ ಅಂದಿದ್ರು. ಯಜಮಾನ್ರಿಗೆ ಹೇಳ್ಬೇಡ, ಸರ್ಪ್ರೈಸು ಅಂದಿದ್ರು." ನಗ್ತಾ ಇದ್ದ, ಪಾಪ. ಅಣ್ಣನ ಮುಖ ನೋಡಿ ನಗು ನಿಲ್ಲಿಸಿದ. ವಿಷಯ ಗೊತ್ತಾದ್ಮೇಲೆ ಟೋಪಿ ತೆಗೆದು ಡಬ್ಬ ವಾಪಸ್ ಎತ್ತಕ್ಕೆ ಹೋದ.

"ಬೇಡ," ಅಂದ ಅಣ್ಣ. "ಹಾಕು."

ಹಳೇ ಟ್ಯಾಂಕ್ ಕಿತ್ತು ಹೊರಗೆಸೆದ್ರು. ಹೊಗೆ ಪೈಪಿಗೆ ಹಿಂದಿನ ಗೋಡೇಲಿ ತೂತು ಕೊರೆದ್ರು, ಗರ್ರ್ ಅಂತ, ಮನೆಯೆಲ್ಲ ಇಟ್ಟಿಗೆ ಧೂಳು. ವಾಷಿಂಗ್ ಮಷಿನ್ ಮೇಲೆ ಬಿಳೀ ಪೆಟ್ಟಿಗೆ ಕೂತ್ಕೊಂತು. ಡೆಕ್ಲನ್ ಬಿಡಿಸಿ ಹೇಳಿದ. ಇದಕ್ಕೆ ಟ್ಯಾಂಕ್ ಇಲ್ಲ. ನೀರು ಮುಗಿಯೋ ಮಾತೇ ಇಲ್ಲ. ಮನೆ ಬೆಚ್ಚಗಿಡೋ ಹೀಟಿಂಗ್ ಆಫ್ ಇದ್ದಾಗ, ಮನೇಲಿ ಯಾರಾದ್ರೂ ಬಿಸಿನೀರಿನ ನಲ್ಲಿ ತಿರುಗಿಸಿದ್ರೆ ಮಾತ್ರ ಹೊತ್ಕೊಳತ್ತೆ. ನಲ್ಲಿ ಮುಚ್ಚಿದ್ರೆ ಆರತ್ತೆ.

ತಿರುಗಿಸಿ ತೋರಿಸಿದ. ಟಿಕ್... ಟಿಕ್... ಟಿಕ್... ಭಗ್. ಆಮೇಲೆ ಸಣ್ಣಗೆ ಹೂಂ ಅಂತ ಒಂದೇ ಶ್ರುತಿ. ಅಣ್ಣ ಬಿಸಿನೀರಿನ ಕೆಳಗೆ ಕೈ ಇಟ್ಟ. ತೆಗೀಲೇ ಇಲ್ಲ. ಕೈ ಕೆಂಪಾಯ್ತು. ಕೊನೆಗೆ ಡೆಕ್ಲನ್ನೇ ನಲ್ಲಿ ನಿಲ್ಲಿಸಿದ.

ಈಗ ಕೇಳು.

ಜನವರಿ. ಶಿಫ್ಟ್ ಮುಗಿಸಿ ನಡ್ಕೊಂಡು ಬರ್ತಿದ್ದೆ. ನಮ್ಮ ಮನೆ ಹಿಂದಿನ ಓಣೀಲಿ ಒಂದು ಹಳೇ ಬಾವಿ ಇದೆ. ಪಕ್ಕದ ಮರಕ್ಕೆ ಇಲ್ಲಿಯವರು ಹರಕೆ ಬಟ್ಟೆ ಚೂರು ಕಟ್ತಾರೆ, ಥೇಟ್ ನಮ್ಮೂರ ಥರ. ಇನ್ನೂ ಕಗ್ಗತ್ತಲೆ. ಗಾಳಿ ಇಲ್ಲ. ಬಾವಿ ದಾಟಿದವನು ತಲೆ ಎತ್ತಿ ನೋಡ್ದೆ... ನಮ್ಮ ಗೋಡೆ ಪೈಪಿಂದ ಬೆಳ್ಳಗೆ ಹಬೆ ಬರ್ತಾ ಇದೆ. ರಾತ್ರಿ ಹೀಟಿಂಗ್ ಆಫ್, ಆದ್ರೂ ಬಾಯ್ಲರ್ ಉರೀತಿದೆ. ಮೇಲಿನ ಬಚ್ಚಲ ಕಿಟಕಿ ಕತ್ತಲೆ. ಕೆಳಗೂ ಕತ್ತಲೆ.

ಹಿಂದಿನ ಬಾಗಿಲು ತೆಗೆದು ಒಳಗೆ ಹೋದೆ. ಹೂಂ ಅಂತಿದೆ ಬಾಯ್ಲರ್. ಶವರ್ ಬಾಗಿಲ ಹಿಂದೆ ಸುರ್... ನೀರು. ಆಮೇಲೆ ಒಂದು ಉಸಿರು. ಆ ಹಳೇ "ಹ್ಹಾ!" ಅಲ್ಲ. ಉದ್ದಕ್ಕೆ, ನಿಧಾನಕ್ಕೆ... "ಹಾಆಆ..." ದಣಿದವರ ಮೈಮೇಲೆ ಬಿಸಿನೀರು ಬಿದ್ದಾಗ ಬರತ್ತಲ್ಲ, ಅದು.

ಬಾಗಿಲು ತಳ್ಳಿದೆ. ಯಾರೂ ಇಲ್ಲ. ಶಬ್ದ ನಿಂತುಹೋಯ್ತು. ನೆಲ ಒಣಗಿತ್ತು ಕಣೋ. ಆದ್ರೆ ಪೈಪ್ ಮುಟ್ಟಿದೆ, ಕೈ ಸುಟ್ಟೋಯ್ತು.

"ಶ್..."

ಅಡುಗೆಮನೆ ಕತ್ತಲಲ್ಲಿ ಅಣ್ಣ ಕೂತಿದ್ದ.

"ಯಾರಣ್ಣ?"

"ಅವಳೇ."

"ದಿನಾನಾ?"

"ಹೂಂ. ಡ್ಯೂಟಿ ಮುಗಿಯೋ ಹೊತ್ತಿಗೆ."

ಡೆಕ್ಲನ್‌ನ ಕರೆಸಿದೆ. ಮುಚ್ಚಳ ಬಿಚ್ಚಿ, ಎಲ್ಲಾ ಟೆಸ್ಟ್ ಮಾಡಿ, "ಶೀ ಈಸ್ ಗ್ರ್ಯಾಂಡ್" ಅಂದ. ಇಲ್ಲಿ ಮಷಿನ್‌ಗಳೆಲ್ಲ ಹೆಂಗಸರೇ. ಅಣ್ಣ ಬೆಚ್ಚಿಬಿದ್ದ. "ನಿಮ್ಮ ಮನೇಲೇ ಯಾರೋ ನಲ್ಲಿ ತಿರುಗಿಸ್ತಿದಾರೆ" ಅಂತ ಹೇಳಿ ಡೆಕ್ಲನ್ ಹೋದ.

ದೆವ್ವಕ್ಕೆ ನಾನು ಹೆದರಲಿಲ್ಲ. ಹೆದರಿದ್ದು ಅಣ್ಣನ ಗತಿ ನೆನೆದು. ಅವನು ಬಿಸಿನೀರು ಮುಟ್ಟೋದೇ ಬಿಟ್ಟಿದ್ದ. ಐರ್ಲೆಂಡಿನ ಜನವರೀಲಿ ಬಕೆಟ್ ತುಂಬಾ ತಣ್ಣೀರು, ಚೊಂಬಲ್ಲಿ ತಲೆ ಮೇಲೆ. ದಿನಾ. ಕೆಮ್ಮು ಎದೆಗಿಳೀತು. ಒಂದ್ಸಲ ಆಸ್ಪತ್ರೆ ಸೇರಿ ಬಂದ. ನ್ಯುಮೋನಿಯ. ಇನ್ನೊಂದ್ಸಲ ಆದ್ರೆ ಕಷ್ಟ ಅಂದ್ರು. ಬಂದ ಮಾರನೇ ದಿನವೇ ಮತ್ತೆ ತಣ್ಣೀರು.

"ಹುಚ್ಚೇನೋ ನಿಂಗೆ? ಈ ಬಾಯ್ಲರಲ್ಲಿ ನೀರು ಮುಗಿಯಲ್ಲ ಮಾರಾಯ! ನೀನು ಮಾಡಿದ್ರೂ ಅವರಿಗಿರತ್ತೆ!"

"ಗೊತ್ತು."

"ಮತ್ತೆ?"

"ನಂಗೆ ಬೇಡ. ಅಷ್ಟೇ."

ತೇಜು ಮೆಟ್ಟಿಲ ಮೇಲೆ ನಿಂತು ಕೇಳಿಸ್ಕೊಂಡಿದ್ಲು. ನಾವು ಕನ್ನಡದಲ್ಲಿ ಜಗಳ ಆಡಿದ್ರೆ ಅವಳದು ಇಂಗ್ಲಿಷಲ್ಲಿ ತೀರ್ಪು. "ಡ್ಯಾಡಿಸ್ ಲಿಪ್ಸ್ ಆರ್ ಬ್ಲೂ," ಅಂದ್ಲು. ಆಮೇಲೆ ಮೆಲ್ಲಗೆ ನನ್ನ ಕೇಳಿದ್ಲು, ಅಪ್ಪನೂ ಹೋಗ್ಬಿಡ್ತಾನಾ ಅಂತ.

ಮಾರನೇ ದಿನ ನಾನು ಶಿಫ್ಟಿಗೆ ಹೋಗ್ಲಿಲ್ಲ. ಬೆಳಗಿನ ಜಾವ ಅಣ್ಣನ ಪಕ್ಕ ಹೋಗಿ ಕೂತೆ. ಅವನ ಎದೆ ಗೊರಗೊರ ಅಂತಿತ್ತು. ಕಾಲ ಹತ್ರ ತಣ್ಣೀರಿನ ಬಕೆಟ್ ರೆಡಿ.

ಟಿಕ್... ಟಿಕ್... ಟಿಕ್... ಭಗ್.

ಸುರ್...

ನಾನು ಎದ್ದು ಶವರ್ ಬಾಗಿಲ ಹತ್ರ ಹೋದೆ. ಚಿಕ್ಕೋರಿದ್ದಾಗ ಅಮ್ಮನ ಹತ್ರ ಚಾಡಿ ಹೇಳ್ತೀವಲ್ಲ, ಹಾಗೇ ಹೇಳ್ದೆ.

"ಅತ್ತಿಗೆ... ಅಣ್ಣ ತಣ್ಣೀರು ಹುಯ್ಕೋತಿದಾನೆ. ದಿನಾ. ನೀವು ಹೋದಾಗಿಂದ."

"ಲೋ, ಸುಮ್ನಿರೋ..." ಅಂದ ಅಣ್ಣ.

ಶವರ್ ನಿಂತಿತು. ಬಾಯ್ಲರ್ ಆರ್ತು, ಕ್ಲಿಕ್ ಅಂತ. ಮನೇಲಿ ಫ್ರಿಡ್ಜ್ ಶಬ್ದ ಒಂದೇ.

ಆಮೇಲೆ ಒಳಗಿಂದ ಅತ್ತಿಗೆಯ ದನಿ,

"ರೀ... ನೀರು ಕಾದಿದೆ. ಏಳಿ."

ಅಷ್ಟೇ. ನಮ್ಮ ಯಾರ ಮನೇಲಾದ್ರೂ ಭಾನುವಾರ ಕೇಳಿಸೋ ಮಾತು. ಅಣ್ಣ ಮುಖ ಮುಚ್ಕೊಂಡ. ಭುಜ ಕುಣೀತಿತ್ತು, ಸದ್ದಿಲ್ಲ. ಆಮೇಲೆ ಎದ್ದ. ಬಕೆಟ್ ದಾಟಿ, ನನ್ನ ದಾಟಿ, ಆ ಶವರ್ ರೂಮಿಗೆ ಹೋದ. ಬಾಗಿಲು ಪೂರ್ತಿ ಹಾಕಿಕೊಳ್ಳಲಿಲ್ಲ.

ಟಿಕ್... ಟಿಕ್... ಟಿಕ್... ಭಗ್.

ನೀರು ಬೀಳ್ತಿತ್ತು. ಒಳಗಿಂದ ಹಬೆ ಬಂತು. ನೀರಿನ ಸದ್ದಿನ ಅಡಿಯಲ್ಲಿ ಅಣ್ಣ ಬಾಯಿ ಬಿಟ್ಟು ಅಳ್ತಿದ್ದ, ಹೆಂಡ್ತಿ ಸತ್ತ ಮೇಲೆ ಮೊದಲನೇ ಸಲ. ನಾನು ವಾಷಿಂಗ್ ಮಷಿನ್‌ಗೆ ಒರಗಿ ನಿಂತಿದ್ದೆ.

ನೀನು ನಂಬು, ಬಿಡು. ಮಷಿನ್‌ನಿಂದ ಹಿಂದಿನ ಬಾಗಿಲಿಗೆ ಕೈ ಚಾಚಿದ್ರೆ ಸಿಗೋಷ್ಟು ದೂರ. ಈ ಕಣ್ಣಲ್ಲೇ ನೋಡಿದೀನಿ. ಹ್ಯಾಂಡಲ್ ಕೆಳಗಿಳೀತು. ಬಾಗಿಲು ತೆರ್ಕೊಂತು. ಚಳಿ ನುಗ್ಗಿತು. ನನ್ನ ಪಕ್ಕದಲ್ಲೇ ಯಾರೋ ಹೊರಕ್ಕೆ ಹಾದುಹೋದ್ರು, ಆ ಕಡೆಯ ತೋಳಿಗೆ ಮಾತ್ರ ಬೆಚ್ಚಗಾಯ್ತು.

ಆಮೇಲೆ ಬಾಗಿಲು, ಮೇಲೆ ಮಗು ಮಲಗಿರೋ ಮನೇಲಿ ಎಳೀತಾರಲ್ಲ, ಹಾಗೆ... ಮೆತ್ತಗೆ ಮುಚ್ಕೊಂತು.