ಹಿಡಿಯದ ಬ್ರೇಕು

ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಕಾಯುತ್ತಿದ್ದ ಅಲಮೇಲಮ್ಮನವರ ಪಕ್ಕದಲ್ಲಿ ಕೋಟು ತೊಟ್ಟ ಒಬ್ಬರು ಹೆಂಡತಿಯೊಡನೆ ಬಂದು ನಿಂತರು. ಗಂಡನ ಹಣೆಗೆ ಪಟ್ಟಿ ಕಟ್ಟಿತ್ತು. ಕೇಳಬಾರದು ಅಂದುಕೊಂಡರೂ ಅವರ ಮಾತು ಅಲಮೇಲಮ್ಮನವರ ಕಿವಿಗೆ ಬೀಳುತ್ತಲೇ ಇತ್ತು.

“ಆ ಗಾಡಿ ಗಂಗಹನುಮಯ್ಯ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡ ಕಣೇ. ‘ತಪ್ಪು ನಂದೇ ಬುದ್ಧಿ, ಎತ್ತಿನ ಗಾಡೀನ ನಿಮ್ಮ ಕಾರಿಗೆ ಅಡ್ಡ ತಂದ್ಬುಟ್ಟೆ’ ಅಂತಾನೆ.”

“ಅವನ ಕಾಲು?”

“ಮುರಿದಿದೆ. ಮತ್ತೆ ನಡೀತಾನೋ ಇಲ್ವೋ, ಡಾಕ್ಟ್ರು ಏನೂ ಹೇಳಲ್ಲ.”

“ನೀವೇನಂದ್ರಿ?”

“ಸುಮ್ಮನಿದ್ದೆ.”

“ಬ್ರೇಕ್ ಸರಿಯಾಗಿ ಹಿಡೀತಿಲ್ಲ, ತೋರಿಸ್ರೀ ಅಂತ ಯುಗಾದಿಯಿಂದ ಬಡ್ಕೋತಿದ್ದೆ.”

“ಕಾರು ಗ್ಯಾರೇಜಲ್ಲಿ ಬಿಟ್ಟು ಬರಬೇಕಲ್ಲ ಅಂತ ಮುಂದಕ್ಕೆ ಹಾಕ್ದೆ. ಗಾಡಿ ನಂಗೆ ದೂರದಿಂದಲೇ ಕಾಣಿಸ್ತು ಕಣೇ. ಪೆಡಲ್ ನೆಲ ಮುಟ್ಟೋ ಹಾಗೆ ತುಳಿದ್ರೂ ಕಾರು ನಿಲ್ಲಲಿಲ್ಲ.”

“ಇದನ್ನ ನನಗೆ ಹೇಳಿ ಏನು ಬಂತು? ಅವನು ಅಲ್ಲಿ ತಪ್ಪೆಲ್ಲ ತನ್ನದೇ ಅಂತ ಅಳ್ತಾ ಮಲಗಿದಾನೆ.”

ಬಸ್ಸು ಬಂತು. ಅಲಮೇಲಮ್ಮನವರು ಹತ್ತಿ, ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದರು. ಅವರಿಬ್ಬರೂ ಹತ್ತಿರಲಿಲ್ಲ. ಗಂಡ ತಲೆ ತಗ್ಗಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದಿದ್ದರು. ಹೆಂಡತಿ ಸೆರಗು ಹೊದ್ದುಕೊಂಡು ಅವರ ಹಿಂದೆಯೇ ನಡೆದರು.