ಬೆಟ್ಟ ಹತ್ತಿದ ಚಿಪ್ಸ್ ಪ್ಯಾಕೆಟ್ಟು

ಬಸ್ಸು ಏದುಸಿರು ಬಿಡುತ್ತ ಬೆಟ್ಟ ಹತ್ತುತ್ತಿತ್ತು. ಟಿಕೆಟ್ ಕೊಟ್ಟು ಮುಗಿಸಿ ಒರಗಿದ್ದ ಕಂಡಕ್ಟರನ ಕಿವಿಯೆಲ್ಲ ಮುಂದಿನ ಸೀಟಿನ ಗಂಡಹೆಂಡಿರ ಮೇಲಿತ್ತು. ಬೆಟ್ಟದ ಮೇಲೆ ಅವರದೊಂದು ಪುಟ್ಟ ಅಂಗಡಿ. ಸರಕು ತರಲು ಹೆಂಡತಿ ಕೆಳಗಿಳಿದದ್ದು ಇದೇ ಮೊದಲು. ಅವಳ ಮಡಿಲಲ್ಲಿ ಚಿಪ್ಸ್ ಪ್ಯಾಕೆಟ್ಟುಗಳ ಚೀಲ.

“ರೀ, ಇದೇನ್ರೀ, ಒಂದೊಂದೂ ದಿಂಬಿನ ಹಾಗೆ ಉಬ್ಬಿದೆ?”

“ಇನ್ನೇನಾಗುತ್ತೆ? ಕೆಳಗಡೆ ಗಾಳಿ ದಟ್ಟ, ಹೊರಗಿಂದ ಅದುಮಿ ಹಿಡಿಯುತ್ತೆ. ಮೇಲೆ ಬಂದ ಹಾಗೆ ತೆಳುವಾಗುತ್ತೆ, ಒಳಗಿನ ಗಾಳಿ ಆರಾಮಾಗಿ ಕೈಕಾಲು ಚಾಚುತ್ತೆ.”

“ಮತ್ತೆ ಕೆಳಗೆ ನಿಮ್ಮ ಮಾವನ ಅಂಗಡೀಲಿ ಸೊರಗಿದ್ವಲ್ಲ?”

“ಸೊರಗಿವೆ, ಮಾಲು ಕಮ್ಮಿ ತುಂಬಿದಾರೆ ಅಂತ ತಾನೇ ಅಷ್ಟು ಜನದ ಮುಂದೆ ನನ್ನ ಸೋದರಮಾವನ್ನ ಕಳ್ಳ ಅಂದಿದ್ದು ನೀನು?”

“ಗೊತ್ತಿದ್ದೋರು ಅಲ್ಲೇ ಬಾಯಿ ಬಿಡಬಾರದಿತ್ತಾ?”

“ನೀನು ಮುಚ್ಚಿದ್ರೆ ತಾನೇ?”

ಎರಡು ತಿರುವು ಕಳೆದ ಮೇಲೆ ಅವಳು ಒಂದು ಪ್ಯಾಕೆಟ್ಟನ್ನು ಒತ್ತಿ ನೋಡಿದಳು.

“ನಾಳೆ ನಾನೇ ಹೋಗಿ ಮಾವನ ಹತ್ರ ತಪ್ಪಾಯ್ತು ಅಂತೀನಿ.”

“ಈ ಪ್ಯಾಕೆಟ್ಟೂ ಒಂದು ತಗೊಂಡು ಹೋಗು, ತೋರಿಸು.”

“ಅದು ಮಾತ್ರ ಬೇಡ. ಕೆಳಗೆ ಹೋದ್ರೆ ಮತ್ತೆ ಸೊರಗುತ್ತೆ. ನೋಡಿದ್ರೆ ನನಗೆ ಮತ್ತೆ ಸಿಟ್ಟು ಬರುತ್ತೆ.”

ಕಂಡಕ್ಟರ್ ಸೀಟಿ ಊದಿದ. ಚೀಲವನ್ನು ಕೂಸಿನಂತೆ ಅವುಚಿಕೊಂಡು ಅವಳು ಇಳಿದಳು, ಹಿಂದೆಯೇ ಬಾಯಿ ಮುಚ್ಚಿಕೊಂಡು ಗಂಡ.