ಚೀಲದ ನಡುವಿನ ಮುಷ್ಟಿ

ಬ್ಯಾಡಗಿ ನಿಲ್ದಾಣದಲ್ಲಿ ಕಾಗಿನೆಲೆ ಬಸ್ಸಿಗೆ ಕಾಯುತ್ತಿದ್ದ ನೀಲವ್ವನ ಬೆನ್ನ ಹಿಂದೆಯೇ ಅಪ್ಪ, ಮಗಳು ದನಿ ತಗ್ಗಿಸಿ ಜಗಳಾಡುತ್ತಿದ್ದರು. ಅಪ್ಪ ಮೆಣಸಿನಕಾಯಿ ವ್ಯಾಪಾರಿಯೆಂದು ಅವನ ಅಂಗಿಯ ಘಾಟೇ ಹೇಳುತ್ತಿತ್ತು.

“ಪಿಎಚ್‌ಡಿ ಮುಗೀತು ಅಂತ ಓಣಿಗೆಲ್ಲಾ ಪೇಢೆ ಹಂಚೇನಿ. ಈಗ ಮುಗಿದಿಲ್ಲ ಅಂದ್ರ ಹೆಂಗ?”

“ಆಕಾಶದಾಗ ಹನ್ನೆರಡು ಕಡೆ ನಕ್ಷತ್ರದ ಬೆಳಕಿನ ಅಳತಿ ತಗೊಂಡೇನಪ್ಪಾ. ಹನ್ನೊಂದು ಒಂದಕ್ಕೊಂದು ಹೊಂದ್ತಾವು. ಒಂದು ಹೊಂದವಲ್ದು.”

“ನಿಮ್ಮ ಗೈಡ್ ಏನಂತಾರ?”

“ಅದೊಂದು ಬಿಟ್ಟು ಬರದು ಕೊಡು ಅಂತಾರ. ಸಂಜಿಯೊಳಗ ನಾ ಅವರಿಗೆ ಹೇಳಬೇಕು.”

“ಮತ್ತ ಬಿಡು! ಅಷ್ಟು ಮ್ಯಾಲಿಂದು ಯಾರು ನೋಡ್ತಾರ?”

“ನೀ ಕಾಯಿ ಚೀಲ ಹೆಂಗ ನೋಡ್ತಿ?”

“ನಡುವ ಕೈ ಹಾಕಿ ಒಂದು ಮುಷ್ಟಿ ತಗೀತೇನಿ. ಮ್ಯಾಲ ಎಲ್ಲಾರೂ ಚಲೋ ಕಾಯೇ ಇಟ್ಟಿರ್ತಾರ.”

“ಆ ಮುಷ್ಟಿಯೊಳಗ ಬಣ್ಣಗೆಟ್ಟ ಕಾಯಿ ಬಂದ್ರ, ಅದೊಂದು ಬಿಟ್ಟು ಲೆಕ್ಕ ಹಿಡೀತಿಯೇನು?”

ರಾಣೆಬೆನ್ನೂರಿನ ಬಸ್ಸು ಬಂದು ನಿಂತಿತು. ಅಪ್ಪ ಮಗಳತ್ತ ತಿರುಗಿದ.

“ಬಿಡದಿದ್ರ ಎಷ್ಟು ದಿನ ಹಿಡೀತೈತಿ?”

“ಇನ್ನೊಂದು ವರ್ಷ. ತಪ್ಪು ನಂದೋ, ಆಕಾಶನ ಹಂಗೈತೋ ತಿಳಿಯಾಕ.”

ಅವನು ಮಗಳ ಬ್ಯಾಗನ್ನು ಹೆಗಲಿಗೇರಿಸಿ ಬಸ್ಸಿನತ್ತ ಹೊರಟ. ಹೋಗುತ್ತಾ ಅವನು ಆಡಿದ ಕೊನೆಯ ಮಾತೂ ನೀಲವ್ವನಿಗೆ ಕೇಳಿಸಿತು.

“ಕುಂತ ಕೂಡ್ಲೇ ನಿಮ್ಮ ಗೈಡಿಗೆ ಫೋನ್ ಹಚ್ಚು, ಅದೊಂದು ಬಿಡೂದಿಲ್ಲ ಅನ್ನು. ಪೇಢೆ ತಿಂದವರಿಗೆ ನಾ ಹೇಳ್ತೇನಿ.”